ಝೀರೋ ಕಮಿಷನ್ ಎಂಬ ಹಸಿ ಸುಳ್ಳು

'ಝೀರೋ ಕಮಿಷನ್' ಅನ್ನೋ ಬೋರ್ಡು ಕಂಡಾಗೆಲ್ಲ ನನಗೆ ಮೈ ಉರಿಯುತ್ತೆ. ವಿಮಾನ ನಿಲ್ದಾಣದಲ್ಲಿ, ಮಾಲ್‌ಗಳಲ್ಲಿ, ಟೂರ್ ಕಂಪನಿಗಳ ಆಫೀಸಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ನೇತು ಹಾಕಿರ್ತಾರೆ. ಡಾಲರ್, ಯೂರೋ, ದಿರ್ಹಮ್, ಬಾತ್, ಏನು ಬೇಕಾದ್ರೂ ತಗೊಳ್ಳಿ, ಕಮಿಷನ್ ಮಾತ್ರ ಸೊನ್ನೆ! ಅಲ್ಲಾ ಸ್ವಾಮಿ, ವಿಮಾನ ನಿಲ್ದಾಣದಂಥ ಜಾಗದಲ್ಲಿ ಬಾಡಿಗೆ ಕಟ್ಟಿ, ರಾತ್ರಿ ಹಗಲು ಜನ ಕೂರಿಸಿ, ಎಸಿ ಹಾಕಿಕೊಂಡು ಪುಕ್ಕಟೆ ಸೇವೆ ಮಾಡೋದಕ್ಕೆ ಅವನೇನು ಧರ್ಮಛತ್ರ ಇಟ್ಟಿದ್ದಾನಾ?

ನಾವು ಮುಂಬಯಿ ಕನ್ನಡಿಗರು ದುಡ್ಡಿನ ವಿಷಯದಲ್ಲಿ ದಡ್ಡರೇನಲ್ಲ. ಡೊಂಬಿವಲಿ ಸ್ಟೇಷನ್ ಹೊರಗೆ ಮೆಂತ್ಯ ಸೊಪ್ಪಿನ ಕಟ್ಟಿಗೆ ಇಪ್ಪತ್ತು ರೂಪಾಯಿ ಅಂದ್ರೆ ಮುಂದಿನ ಗಾಡಿಗೆ ಹೋಗಿ ಹದಿನೈದಕ್ಕೆ ಕೇಳ್ತೀವಿ. ರಿಕ್ಷಾದವನು ಮೀಟರಿಗಿಂತ ಐದು ರೂಪಾಯಿ ಜಾಸ್ತಿ ಕೇಳಿದ್ರೆ ಹಿಂದಿ, ಮರಾಠಿ, ತುಳು, ಕನ್ನಡ ನಾಲ್ಕೂ ಭಾಷೆ ಹೊರಗೆ ಬರುತ್ತೆ. ಹೌಸಿಂಗ್ ಸೊಸೈಟಿಯ ಮೀಟಿಂಗಿನಲ್ಲಿ ನೀರಿನ ಟ್ಯಾಂಕ್ ತೊಳೆಸಿದ ಬಿಲ್ಲಿನ ಮೇಲೆ ಮುಕ್ಕಾಲು ಗಂಟೆ ವಾದ ಮಾಡ್ತೀವಿ. ಅಂಥಾ ನಾವು ಡಾಲರ್ ಕೌಂಟರಿನ ಮುಂದೆ ನಿಂತಾಗ ಬಾಯಿಗೆ ಬೀಗ ಹಾಕಿಕೊಳ್ತೀವಲ್ಲ, ಯಾಕೆ? ಅಲ್ಲಿ ಹೋಗೋದು ಐದು ಹತ್ತು ರೂಪಾಯಿ ಅಲ್ಲ ಕಣ್ರೀ. ಸಾವಿರಗಳು.

ಒಂದು ಲೆಕ್ಕ ನೋಡಿ. ಸುಲಭ ಆಗಲಿ ಅಂತ ಡಾಲರಿನ ನಿಜವಾದ ಮಾರುಕಟ್ಟೆ ದರ 100 ರೂಪಾಯಿ ಅಂತಿಟ್ಟುಕೊಳ್ಳಿ. ಕೌಂಟರಿನವನು ನಿಮಗೆ ಕೊಡೋದು 106ಕ್ಕೆ, ನಿಮ್ಮಿಂದ ತಗೊಳ್ಳೋದು 94ಕ್ಕೆ. ನೀವು ಸಾವಿರ ಡಾಲರ್ ಕೊಂಡಿರಿ, 1,06,000 ರೂಪಾಯಿ ಕೊಟ್ಟಿರಿ. ಅಲ್ಲಿಗೆ 6,000 ಹೋಯ್ತು. ಪ್ರವಾಸ ಮುಗಿಸಿ ಬಂದಾಗ ಕೈಯಲ್ಲಿ 200 ಡಾಲರ್ ಉಳಿದಿತ್ತು, ಅದೇ ಕೌಂಟರಿಗೆ ಮಾರಿದಿರಿ. 20,000 ಬರಬೇಕಾದ ಕಡೆ 18,800 ಬಂತು. ಇನ್ನೊಂದು 1,200 ಹೋಯ್ತು. ಒಟ್ಟು 7,200. ನೀವು ನಿಜವಾಗಿ ಖರ್ಚು ಮಾಡಿದ್ದು 800 ಡಾಲರ್, ಅಂದ್ರೆ 80,000 ರೂಪಾಯಿ. ಅದರ ಮೇಲೆ ನೂರಕ್ಕೆ ಒಂಬತ್ತು! ರಸೀದಿಯಲ್ಲಿ ಮಾತ್ರ ಏನಿರುತ್ತೆ ಗೊತ್ತಾ? ಕಮಿಷನ್: 0.00.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಆ ರಸೀದಿಯಲ್ಲಿ ಜಿಎಸ್‌ಟಿ ಅಂತ ಒಂದು ಸಾಲು ಇರುತ್ತೆ. 1,06,000 ರೂಪಾಯಿಯ ವಹಿವಾಟಿಗೆ ಅದು ಸುಮಾರು 185 ರೂಪಾಯಿ. ನಮ್ಮ ಜನ ಆ 185 ರೂಪಾಯಿ ನೋಡಿ ಸರ್ಕಾರಕ್ಕೆ ಹಿಡಿಶಾಪ ಹಾಕ್ತಾರೆ. ಪಕ್ಕದಲ್ಲೇ ಮಾಯವಾದ ಆರು ಸಾವಿರದ ಬಗ್ಗೆ ಚಕಾರ ಇಲ್ಲ. ಯಾಕಂದ್ರೆ ತೆರಿಗೆಯನ್ನ ಬರೆದು ತೋರಿಸಬೇಕು ಅಂತ ಕಾನೂನಿದೆ, ಲಾಭವನ್ನ ತೋರಿಸಬೇಕು ಅಂತ ಇಲ್ಲ. ಕಂಡದ್ದಕ್ಕೆ ಜಗಳ, ಕಾಣದ್ದಕ್ಕೆ ನಮಸ್ಕಾರ.

ಸರ್ಕಾರಕ್ಕೆ ಈ ಲಾಭ ಗೊತ್ತಿಲ್ಲ ಅಂತ ಮಾತ್ರ ತಿಳೀಬೇಡಿ. ಜಿಎಸ್‌ಟಿ ನಿಯಮಗಳಲ್ಲಿ 32ನೇ ನಿಯಮ ಅಂತ ಒಂದಿದೆ. ಹಣ ಬದಲಿಸಿ ಕೊಡೋ ಸೇವೆಯ ಬೆಲೆ ಎಷ್ಟು ಅಂತ ಲೆಕ್ಕ ಹಾಕೋದು ಹೇಗೆ ಅಂತ ಅದರಲ್ಲಿ ಹೇಳಿದೆ: ಕೊಳ್ಳುವ ಅಥವಾ ಮಾರುವ ದರಕ್ಕೂ ರಿಸರ್ವ್ ಬ್ಯಾಂಕಿನ ಉಲ್ಲೇಖ ದರಕ್ಕೂ ಇರೋ ವ್ಯತ್ಯಾಸವನ್ನ ಡಾಲರಿನ ಸಂಖ್ಯೆಯಿಂದ ಗುಣಿಸಿ ಅಂತ. ಅದು ಬೇಡ ಅಂದ್ರೆ ವ್ಯಾಪಾರಿ ಇನ್ನೊಂದು ದಾರಿ ಹಿಡೀಬಹುದು, ಮೊದಲ ಒಂದು ಲಕ್ಷಕ್ಕೆ ನೂರಕ್ಕೆ ಒಂದು, ಆಮೇಲೆ ಇನ್ನೂ ಕಡಿಮೆ ಅಂತ ಬೆಲೆ ತೋರಿಸಿ ಅದರ ಮೇಲೆ ತೆರಿಗೆ ಕಟ್ಟೋದು. ಮೇಲಿನ 185 ರೂಪಾಯಿ ಬಂದದ್ದು ಈ ಎರಡನೇ ಲೆಕ್ಕದಿಂದ. ಅಂದ್ರೆ ಏನಾಯ್ತು? ದರದ ವ್ಯತ್ಯಾಸವೇ ಇವನ ಸಂಪಾದನೆ ಅಂತ ತೆರಿಗೆ ಕಾನೂನು ಒಪ್ಪಿಕೊಂಡಿದೆ. ಅದೇ ವ್ಯತ್ಯಾಸಕ್ಕೆ ಗಿರಾಕಿಯ ಎದುರು ಮಾತ್ರ 'ಕಮಿಷನ್ ಇಲ್ಲ' ಅಂತ ಹೆಸರು. ಒಂದೇ ಕೌಂಟರು, ಎರಡು ನಾಲಿಗೆ!

ನಮ್ಮ ತಲೆಮಾರಿನವರಿಗೆ ಮನಿಯಾರ್ಡರ್ ನೆನಪಿರಬೇಕು. ಊರಿನಿಂದ ಬಂದು ಹೋಟೆಲಿನಲ್ಲೋ ಮಿಲ್ಲಿನಲ್ಲೋ ಬ್ಯಾಂಕಿನಲ್ಲೋ ಕೆಲಸಕ್ಕೆ ಸೇರಿ, ತಿಂಗಳ ಮೊದಲ ವಾರ ಪೋಸ್ಟಾಫೀಸಿನ ಕ್ಯೂನಲ್ಲಿ ನಿಂತವರು ನಾವು. ಅದರ ಕೊನೆಯ ವರ್ಷಗಳಲ್ಲಿ ಕಮಿಷನ್ ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ ಇತ್ತು, ನೂರಕ್ಕೆ ಐದು. ಜಾಸ್ತಿಯಾಯ್ತು ಅಂತ ಬೈದುಕೊಂಡೇ ಕೊಟ್ಟಿದ್ದೀವಿ. ಆದ್ರೆ ಒಂದು ಮಾತು ಒಪ್ಪಬೇಕು. ಅಂಚೆಯವರು ಆ ಐದು ರೂಪಾಯಿಯನ್ನ ಬಾಯಿಬಿಟ್ಟು ಕೇಳಿ ತಗೊಂಡ್ರು. ಇಲ್ಲಿ ನೂರು ಕೊಟ್ಟರೆ ಊರಲ್ಲಿ ಅಮ್ಮನ ಕೈಗೆ ನೂರೇ ಬೀಳ್ತಿತ್ತು, ತೊಂಬತ್ನಾಲ್ಕು ಅಲ್ಲ. 2015ರಲ್ಲಿ ಆ ಹಳೆಯ ಮನಿಯಾರ್ಡರೇ ನಿಂತುಹೋಯ್ತು. ಆದ್ರೆ ಪೋಸ್ಟಾಫೀಸಿನ ಆ ಮರ್ಯಾದೆಯನ್ನ ಇವತ್ತಿನ ಥಳುಕಿನ ಕೌಂಟರುಗಳಿಂದ ನಾವು ಯಾಕೆ ಕೇಳಬಾರದು?

ಕೇಳದೇ ಇರೋದಕ್ಕೆ ಕಾರಣ ನಮ್ಮೊಳಗೇ ಇದೆ ಅಂತ ನನಗನ್ನಿಸುತ್ತೆ. ವಿದೇಶಿ ಹಣ ಅಂದ್ರೆ ನಮಗೆ ಇವತ್ತಿಗೂ ಅದೇನೋ ಪ್ರಸಾದ ಇದ್ದ ಹಾಗೆ. 1970ರ ದಶಕದಲ್ಲಿ ವಿದೇಶಕ್ಕೆ ಹೊರಟ ಸಾಮಾನ್ಯ ಭಾರತೀಯನ ಕೈಗೆ ಸಿಗ್ತಿದ್ದದ್ದು ಎಂಟು ಡಾಲರ್. ಎಂಟೇ ಎಂಟು! 1973ರ ಫೆರಾ ಕಾನೂನಿನ ಕೆಳಗೆ ಅಪ್ಪಣೆ ಇಲ್ಲದೆ ಡಾಲರ್ ಇಟ್ಟುಕೊಳ್ಳೋದು ಕ್ರಿಮಿನಲ್ ಅಪರಾಧ. ಹಾಗಾಗಿ ಡಾಲರ್ ಕೊಡೋನು ದೊಡ್ಡ ಮನುಷ್ಯ, ತಗೊಳ್ಳೋನು ಕೈ ಚಾಚಿ ನಿಂತವನು. ಆ ಕಾಲ ಹೋಗಿ ಎಷ್ಟು ವರ್ಷ ಆಯ್ತು! 2000ದ ಜೂನ್ 1ರಿಂದ ಫೆರಾ ಹೋಗಿ ಫೆಮಾ ಬಂತು. 2004ರಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಬಹುದು ಅಂತ ರಿಸರ್ವ್ ಬ್ಯಾಂಕ್ ಯೋಜನೆ ತಂತು, ಈಗ ಆ ಮಿತಿ 2,50,000 ಡಾಲರ್. ಕಾನೂನು ಬದಲಾಯ್ತು, ನಮ್ಮ ಬೆನ್ನು ಮಾತ್ರ ಇನ್ನೂ ಬಾಗಿಯೇ ಇದೆ. ಡಾಲರ್ ಈಗ ಅಂಗಡಿಯಲ್ಲಿ ಸಿಗೋ ಸರಕು ಸ್ವಾಮಿ, ಈರುಳ್ಳಿ ಇದ್ದ ಹಾಗೆ. ಮೂರು ಅಂಗಡಿ ಸುತ್ತಿ ಕೇಳಿ ತಗೊಳ್ಳಿ.

"ನಾನು ನೋಟು ಒಯ್ಯೋದೇ ಇಲ್ಲ, ಎಲ್ಲಾ ಕಾರ್ಡು" ಅನ್ನೋ ಜಾಣರಿಗೂ ಒಂದು ಮಾತು. ನಮ್ಮ ಹೆಚ್ಚಿನ ಕ್ರೆಡಿಟ್ ಕಾರ್ಡುಗಳು ವಿದೇಶದಲ್ಲಿ ಉಜ್ಜಿದಾಗ ನೂರಕ್ಕೆ ಮೂರೂವರೆ ಮಾರ್ಕಪ್ ಹಾಕ್ತವೆ. ಆ ಮಾರ್ಕಪ್ಪಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಎರಡೂ ಸೇರಿ 4.13. ಒಂದು ಲಕ್ಷಕ್ಕೆ 4,130 ರೂಪಾಯಿ. ಅದು ಬರೆದಿರೋದು ಎಲ್ಲಿ? ಕಾರ್ಡಿನ ಜೊತೆ ಬರೋ, ಯಾರೂ ಓದದ ಸಣ್ಣ ಅಕ್ಷರದ ನಿಯಮಾವಳಿಯಲ್ಲಿ. ಆ ಪುಸ್ತಿಕೆ ಓದೋದಕ್ಕೆ ಕನ್ನಡಕದ ನಂಬರ್ ಬದಲಾಯಿಸಬೇಕು. ಏರ್‌ಪೋರ್ಟ್ ಲೌಂಜಿನಲ್ಲಿ ಪುಕ್ಕಟೆ ಇಡ್ಲಿ ಕೊಟ್ಟದ್ದನ್ನ ಮಾತ್ರ ದೊಡ್ಡದಾಗಿ ಜಾಹೀರಾತು ಹಾಕ್ತಾರೆ.

ಇನ್ನು ಎಟಿಎಂ. ಬ್ಯಾಂಕಾಕ್‌ಗೆ ಹೋದವರಿಗೆ ಗೊತ್ತಿರುತ್ತೆ, ಅಲ್ಲಿಯ ಹೆಚ್ಚಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಸಲಕ್ಕೆ 220 ಬಾತ್ ಅಥವಾ ಅದಕ್ಕೂ ಹೆಚ್ಚು ಕಿತ್ತುಕೊಳ್ತವೆ. ನೀವು ಸಾವಿರ ಬಾತ್ ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಸಾವಿರಕ್ಕೆ 220 ಅಂದ್ರೆ ನೂರಕ್ಕೆ ಇಪ್ಪತ್ತೆರಡು! ಅದರ ಮೇಲೆ ನಮ್ಮ ಬ್ಯಾಂಕಿನ ಶುಲ್ಕ ಬೇರೆ, ಮಾರ್ಕಪ್ ಬೇರೆ. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದರಂತೂ ಅದೇ ದಿನದಿಂದ ಬಡ್ಡಿ ಶುರು.

ಇವೆಲ್ಲಕ್ಕಿಂತ ನನಗೆ ಸಿಟ್ಟು ಬರೋದು ಒಂದು ಸಿಹಿ ಮಾತಿನ ಮೇಲೆ. ಸಿಂಗಾಪುರದ ಅಂಗಡಿಯಲ್ಲೋ ದುಬೈ ಮಾಲ್‌ನಲ್ಲೋ ಕಾರ್ಡ್ ಕೊಟ್ಟಾಗ ಮೆಷಿನ್ನು ಕೇಳುತ್ತೆ: ಡಾಲರಿನಲ್ಲಿ ಕಟ್ತೀರೋ, ರೂಪಾಯಿಯಲ್ಲಿ ಕಟ್ತೀರೋ? ಅಂಗಡಿಯ ಹುಡುಗಿ ನಗುನಗುತ್ತಾ "ರುಪೀ, ಸರ್?" ಅಂತಾಳೆ. ಪರದೇಶದಲ್ಲಿ ನಮ್ಮ ರೂಪಾಯಿಯ ಹೆಸರು ಕೇಳಿ ನಮಗೂ ಎದೆ ಉಬ್ಬುತ್ತೆ, ಗುಂಡಿ ಒತ್ತಿಬಿಡ್ತೀವಿ. ದೇಶಪ್ರೇಮ ತೋರಿಸೋ ಜಾಗ ಅದಲ್ಲ ಮಾರಾಯ್ರೆ! ರೂಪಾಯಿ ಅಂತ ಒತ್ತಿದ ಕೂಡಲೇ ದರ ಹಾಕೋದು ವೀಸಾ, ಮಾಸ್ಟರ್‌ಕಾರ್ಡ್ ಅಲ್ಲ, ಆ ಮೆಷಿನ್ನಿನ ಹಿಂದಿರೋ ಕಂಪನಿ. ಅದು ತನ್ನ ಪಾಲು ಸೇರಿಸಿಕೊಂಡೇ ದರ ಹಾಕೋದು, ಅದರಲ್ಲಿ ಅಂಗಡಿಗೂ ಒಂದು ಪಾಲು ಹೋಗುತ್ತೆ. ಕೆಲವು ಕಡೆ ಐದಾರು ಪರ್ಸೆಂಟ್, ಅದಕ್ಕೂ ಮೇಲೆ. ಸರಿ, ರೂಪಾಯಿಯಲ್ಲೇ ಕಟ್ಟಿದೆ, ಇನ್ನು ನಮ್ಮ ಬ್ಯಾಂಕಿನ ಕಾಟ ಇಲ್ಲ ಅಂದುಕೊಂಡ್ರೆ ಅದೂ ಇಲ್ಲ. ಹೊರದೇಶದ ಅಂಗಡಿಯಲ್ಲಿ ರೂಪಾಯಿಯಲ್ಲಿ ಕಟ್ಟಿದ್ದಕ್ಕೂ ಬೇರೆ ಶುಲ್ಕ ಹಾಕೋ ಬ್ಯಾಂಕುಗಳಿವೆ. ಅತ್ತ ದರಿ ಇತ್ತ ಪುಲಿ ಅಂದ್ರೆ ಇದೇ. ಒಂದೇ ನಿಯಮ ನೆನಪಿಟ್ಟುಕೊಳ್ಳಿ: ಯಾವ ದೇಶದಲ್ಲಿ ನಿಂತಿದ್ದೀರೋ ಆ ದೇಶದ ಹಣದಲ್ಲೇ ಕಟ್ಟಿ.

ನಮ್ಮ ಮುಂಬಯಿಯಲ್ಲಿ ಸಂಘ, ಭಜನಾ ಮಂಡಳಿ, ಮಹಿಳಾ ವಿಭಾಗ ಎಲ್ಲಾ ಸೇರಿ ಗ್ರೂಪ್ ಟೂರ್ ಹೋಗೋದು ಈಗ ಸಾಮಾನ್ಯ ಆಗಿದೆ. ಹೋಗಲಿ, ಬಹಳ ಸಂತೋಷ. ಜೀವಮಾನವೆಲ್ಲ ವಿರಾರ್ ಲೋಕಲಿನಲ್ಲಿ ನೇತಾಡಿದವರು ಅರವತ್ತರ ಮೇಲೆ ಒಂದು ಸಲ ಸ್ವಿಟ್ಜರ್ಲೆಂಡ್ ನೋಡಿದ್ರೆ ಏನು ತಪ್ಪು? ಆದ್ರೆ ಆ ಟೂರಿನ ಬ್ರೋಶರ್ ಸ್ವಲ್ಪ ಗಮನಿಸಿ. ಬೆಲೆ ಎರಡು ತುಂಡು ಮಾಡಿರ್ತಾರೆ, ಇಷ್ಟು ಸಾವಿರ ರೂಪಾಯಿ ಪ್ಲಸ್ ಇಷ್ಟು ಡಾಲರ್. ರೂಪಾಯಿ ಅಂಕಿ ದಪ್ಪ ಅಕ್ಷರದಲ್ಲಿ. ಡಾಲರ್ ಭಾಗಕ್ಕೆ 'ಆ ದಿನದ ದರ' ಅಂತ ಕೆಳಗೆ ಚುಕ್ಕಿ ಹಾಕಿ ಬರೆದಿರ್ತಾರೆ. ಆ ದಿನದ ದರ ಅಂದ್ರೆ ಯಾರ ದರ? ರಿಸರ್ವ್ ಬ್ಯಾಂಕಿನದಾ, ಟೂರ್ ಕಂಪನಿಯದಾ? ನಾನು ಒಂದು ಸಲ ಹೀಗೆ ಕೇಳಿದಾಗ ಕೌಂಟರಿನ ಹುಡುಗ "ಅಂಕಲ್, ಎಲ್ಲರೂ ಇದೇ ರೇಟಿಗೆ ಕಟ್ಟಿದ್ದಾರೆ" ಅಂದ. ಎಲ್ಲರೂ ಬಾವಿಗೆ ಬಿದ್ದಿದ್ದಾರೆ, ನೀವೂ ಬೀಳಿ ಅಂದ ಹಾಗಾಯ್ತು. ಬರವಣಿಗೆಯಲ್ಲಿ ಕೊಡಪ್ಪಾ ಅಂದೆ. ಕೊಡಲಿಲ್ಲ. ಡಾಲರ್ ಭಾಗವನ್ನ ಬೇರೆ ಕಡೆಯಿಂದ ತಂದು ಕೊಡ್ತೀನಿ ಅಂದ ಕೂಡಲೇ ದರ ತಾನಾಗಿಯೇ ಒಂದು ರೂಪಾಯಿ ಚಿಲ್ಲರೆ ಇಳಿಯಿತು!

ಈ ಟೂರಿಗೆ ಅಂಟಿಕೊಂಡ ಟಿಸಿಎಸ್ ಬಗ್ಗೆಯೂ ಹೇಳಬೇಕು. 2020ರ ಅಕ್ಟೋಬರ್‌ನಿಂದ ವಿದೇಶಿ ಟೂರ್ ಪ್ಯಾಕೇಜಿನ ಮೇಲೆ ಮುಂಗಡವಾಗಿ ತೆರಿಗೆ ವಸೂಲಿ ಮಾಡ್ತಾರೆ. ದರ ಆಮೇಲೆ ಹಲವು ಸಲ ಬದಲಾಗಿದೆ, ಹೊರಡೋ ಮೊದಲು ವಿಚಾರಿಸಿಕೊಳ್ಳಿ. ಇದು ಖರ್ಚಲ್ಲ, ನಿಮ್ಮ ಪ್ಯಾನ್ ನಂಬರಿಗೆ ಜಮಾ ಆಗೋ ದುಡ್ಡು. ಆದಾಯ ತೆರಿಗೆ ರಿಟರ್ನ್ ಹಾಕಿದ್ರೆ ತೆರಿಗೆಗೆ ಹೊಂದಿಕೆ ಆಗುತ್ತೆ, ಮಿಕ್ಕಿದ್ದು ವಾಪಸ್ ಬರುತ್ತೆ. ಆದ್ರೆ ನಿವೃತ್ತರಾದ ನಮ್ಮ ಹಿರಿಯರು ಬಹಳ ಜನ "ನಮಗೆ ಟ್ಯಾಕ್ಸೇ ಬರೋದಿಲ್ಲ, ರಿಟರ್ನ್ ಯಾಕೆ" ಅಂತ ಸುಮ್ಮನಿರ್ತಾರೆ. ಅವರ ದುಡ್ಡು ಸರ್ಕಾರದ ಹತ್ತಿರವೇ ಕೂತಿರುತ್ತೆ. ಟೂರ್ ಕಂಪನಿಯವನು ಇದನ್ನ ಹೇಳೋದಿಲ್ಲ. ಸಂಘದ ಕಾರ್ಯದರ್ಶಿಗಳು ಹೇಳಬೇಕು.

ಇಷ್ಟು ಹೇಳಿದ್ರೆ ನಮ್ಮವರದ್ದೇ ಆಕ್ಷೇಪ ಶುರು. ನಮ್ಮ ಸಂಘದ ಹಿರಿಯರೊಬ್ಬರು ಹೇಳಿದ್ರು, "ಅಲ್ಲ ಮಾರಾಯ್ರೆ, ಜನ್ಮದಲ್ಲಿ ಒಂದು ಸಲ ಮಗಳ ಮನೆಗೆ ಅಮೆರಿಕಕ್ಕೆ ಹೋಗುದು. ಅಲ್ಲಿಯೂ ಈ ಚಿಲ್ಲರೆ ಲೆಕ್ಕವಾ? ನೆಮ್ಮದಿ ಮುಖ್ಯ ಅಲ್ವಾ?" ನೆಮ್ಮದಿ ಮುಖ್ಯವೇ. ಆದ್ರೆ ಆ ಏಳು ಸಾವಿರ ಅವರ ಎಷ್ಟು ದಿನದ ಪೆನ್ಷನ್ ಅಂತ ಲೆಕ್ಕ ಹಾಕಿದ್ದಾರಾ? ಕೋಟಿ ಇದ್ದವನಿಗೆ ಇದು ಚಿಲ್ಲರೆ. ಅವನಿಗೆ ಬ್ಯಾಂಕಿನವರೇ ಫೋನ್ ಮಾಡಿ ಒಳ್ಳೆ ದರ ಕೊಡ್ತಾರೆ. ಕೌಂಟರಿನ ಕೆಟ್ಟ ದರ ಬರೆದಿರೋದು ವರ್ಷಗಟ್ಟಲೆ ಕೂಡಿಟ್ಟು ಒಂದು ಸಲ ಹೋಗೋ ಬಡಪಾಯಿಗೆ. ದುಡ್ಡಿದ್ದವನಿಗೆ ರಿಯಾಯಿತಿ, ಇಲ್ಲದವನಿಗೆ ಬರೆ. ನನ್ನ ತಕರಾರು ಇರೋದೇ ಇಲ್ಲಿ.

ಎರಡನೇ ಆಕ್ಷೇಪ: ವ್ಯಾಪಾರಿಗೂ ಹೊಟ್ಟೆ ಇದೆ, ಲಾಭ ಬೇಡವಾ? ಖಂಡಿತ ಬೇಕು. ನೋಟು ತರಿಸೋದು, ಇಟ್ಟುಕೊಳ್ಳೋದು, ವಿಮೆ, ಬಾಡಿಗೆ, ಸಂಬಳ ಎಲ್ಲಾ ಖರ್ಚಿನ ಬಾಬತ್ತೇ. ನೂರಕ್ಕೆ ಆರು ಬೇಕಾದ್ರೂ ತಗೊಳ್ಳಲಿ, ಆದ್ರೆ ಆರು ಅಂತ ಬರೆದು ತಗೊಳ್ಳಲಿ. ಉಡುಪಿ ಹೋಟೆಲಿನಲ್ಲಿ ಎಸಿ ರೂಮಿಗೆ ಬೇರೆ ರೇಟು ಬೋರ್ಡಿನ ಮೇಲೇ ಇರುತ್ತೆ. ಇಷ್ಟ ಇದ್ದವನು ಒಳಗೆ ಕೂರ್ತಾನೆ, ಇಲ್ಲದವನು ಹೊರಗೆ ನಿಂತು ಕಾಫಿ ಕುಡೀತಾನೆ. 'ಎಸಿ ಚಾರ್ಜ್ ಝೀರೋ' ಅಂತ ಬರೆದು ದೋಸೆಗೆ ದುಪ್ಪಟ್ಟು ಹಾಕಿದ್ರೆ ನಾವು ಸುಮ್ಮನೆ ಬಿಡ್ತೀವಾ?

ಹೀಗೆ ಬರೆದು ತೋರಿಸೋದು ಆಗದ ಮಾತು ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ಯುರೋಪಿನವರು ಮಾಡಿ ತೋರಿಸಿದ್ದಾರೆ. 2019ರಲ್ಲಿ ಐರೋಪ್ಯ ಒಕ್ಕೂಟ ಕಾನೂನು ತಂದು, 2020ರ ಏಪ್ರಿಲ್‌ನಿಂದ ಜಾರಿ ಮಾಡಿತು. ಅಂಗಡಿಯಲ್ಲಾಗಲಿ ಎಟಿಎಂನಲ್ಲಾಗಲಿ ಹಣ ಬದಲಿಸಿ ಕೊಡ್ತೀವಿ ಅನ್ನೋರು, ಐರೋಪ್ಯ ಕೇಂದ್ರ ಬ್ಯಾಂಕಿನ ದರಕ್ಕಿಂತ ತಮ್ಮ ದರ ಎಷ್ಟು ಪರ್ಸೆಂಟ್ ಹೆಚ್ಚು ಅಂತ ಗಿರಾಕಿ ದುಡ್ಡು ಕಟ್ಟೋ ಮೊದಲೇ ಹೇಳಬೇಕು. ನಮ್ಮಲ್ಲೂ ದಾರಿ ಇಲ್ಲ ಅಂತಿಲ್ಲ. 2019ರ ಆಗಸ್ಟಿನಲ್ಲಿ ಎಫ್‌ಎಕ್ಸ್-ರೀಟೇಲ್ ಅನ್ನೋ ವೇದಿಕೆ ಶುರುವಾಯ್ತು. ಸಣ್ಣ ಗಿರಾಕಿಗೂ ಮಾರುಕಟ್ಟೆಯ ದರ ಕಾಣಲಿ, ಬ್ಯಾಂಕಿನ ಶುಲ್ಕ ಬೇರೆಯಾಗಿ ಕಾಣಲಿ ಅನ್ನೋದೇ ರಿಸರ್ವ್ ಬ್ಯಾಂಕಿನ ಉದ್ದೇಶ. ಒಳ್ಳೆಯ ಕೆಲಸ. ಆದ್ರೆ ನಿಮ್ಮ ಬ್ಯಾಂಕಿನವರು ಯಾವತ್ತಾದ್ರೂ ಅದರ ಹೆಸರು ಹೇಳಿದ್ದಾರಾ? ಇನ್ಶೂರೆನ್ಸ್ ಮಾರೋದಕ್ಕೆ ದಿನಕ್ಕೆರಡು ಸಲ ಫೋನ್ ಮಾಡ್ತಾರಲ್ಲ ಅವರು!

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಕೌಂಟರಿನಲ್ಲೂ, ಪ್ರತಿ ರಸೀದಿಯಲ್ಲೂ ಮೂರು ಸಾಲು ಇರಲಿ. ಇವತ್ತಿನ ಉಲ್ಲೇಖ ದರ ಇಷ್ಟು. ನಮ್ಮ ದರ ಇಷ್ಟು. ವ್ಯತ್ಯಾಸ ನಿಮ್ಮ ಜೇಬಿನಿಂದ ಇಷ್ಟು ರೂಪಾಯಿ. ಈ ಮೂರು ಸಾಲು ಕಡ್ಡಾಯ ಆಗೋವರೆಗೆ 'ಝೀರೋ ಕಮಿಷನ್' ಅನ್ನೋ ಪದವನ್ನೇ ನಿಷೇಧ ಮಾಡಬೇಕು.

ಅದು ಆಗೋವರೆಗೆ ನಮ್ಮ ಕೈಯಲ್ಲಿ ಇರೋದು ಇಷ್ಟು:

1. ಮೂರು ಕಡೆ ಫೋನ್ ಮಾಡಿ. "ರೇಟ್ ಎಷ್ಟು" ಅಂತ ಕೇಳಬೇಡಿ. "ಸಾವಿರ ಡಾಲರ್ ನನ್ನ ಕೈಗೆ ಬರೋದಕ್ಕೆ ಎಲ್ಲಾ ಸೇರಿ ಒಟ್ಟು ಎಷ್ಟು ರೂಪಾಯಿ" ಅಂತ ಕೇಳಿ. ಫೋರ್ಟ್ ಕಡೆಯ ಅಂಗಡಿ, ನಿಮ್ಮ ಬ್ಯಾಂಕು, ಆನ್‌ಲೈನ್ ಮೂರನ್ನೂ ಹೋಲಿಸಿ. ವಿಮಾನ ನಿಲ್ದಾಣ ಕೊನೆಯ ಗತಿ.

2. ನೋಟಿನಲ್ಲಿ ಒಂದು ಪ್ರವಾಸಕ್ಕೆ ಹೆಚ್ಚಿನ ದೇಶಗಳಿಗೆ 3,000 ಡಾಲರ್‌ವರೆಗೆ ಒಯ್ಯಬಹುದು. ಅಷ್ಟೂ ಒಯ್ಯಬೇಕು ಅಂತೇನಿಲ್ಲ. ಥೈಲ್ಯಾಂಡಿನಂಥ ಕಡೆ ನೂರು ಡಾಲರಿನ ನೋಟಿಗೆ ಸಣ್ಣ ನೋಟಿಗಿಂತ ಒಳ್ಳೆ ದರ ಸಿಗುತ್ತೆ. ಹರಿದ, ಗೀಚಿದ ನೋಟು ತಗೊಳ್ಳಬೇಡಿ.

3. ಫಾರೆಕ್ಸ್ ಕಾರ್ಡಿಗೆ ಯಾವ ಹಣ ತುಂಬಿದ್ದೀರೋ ಆ ಹಣ ನಡೆಯೋ ದೇಶದಲ್ಲೇ ಬಳಸಿ. ಡಾಲರ್ ಕಾರ್ಡನ್ನ ಬ್ಯಾಂಕಾಕ್‌ನಲ್ಲಿ ಉಜ್ಜಿದ್ರೆ ಮತ್ತೊಂದು ಸಲ ಬದಲಾವಣೆಯ ಶುಲ್ಕ ಬೀಳುತ್ತೆ.

4. ಮಾರ್ಕಪ್ ಇಲ್ಲದ ಕಾರ್ಡುಗಳೂ ಈಗ ಸಿಗ್ತವೆ. ವಾರ್ಷಿಕ ಶುಲ್ಕ, ಎಟಿಎಂ ಶುಲ್ಕ ವಿಚಾರಿಸಿಯೇ ತಗೊಳ್ಳಿ. ಅಲ್ಲೂ 'ಝೀರೋ' ಅನ್ನೋ ಪದ ಕಂಡ್ರೆ ಎರಡು ಸಲ ಓದಿ.

5. ಉಳಿದ ಡಾಲರನ್ನ ಗಾಬರಿಯಿಂದ ಮಾರಬೇಡಿ. 2,000 ಡಾಲರ್‌ವರೆಗೆ ನೋಟು ಮನೆಯಲ್ಲಿ ಇಟ್ಟುಕೊಳ್ಳೋದಕ್ಕೆ ಕಾನೂನಿನ ಅಡ್ಡಿ ಇಲ್ಲ. ಅದಕ್ಕಿಂತ ಹೆಚ್ಚಿದ್ದದ್ದನ್ನ ಬಂದ 180 ದಿನದೊಳಗೆ ಒಪ್ಪಿಸಿದ್ರೆ ಸಾಕು. ಮುಂದಿನ ಸಲ ನಿಮಗೇ ಬೇಕಾಗುತ್ತೆ.

ಇನ್ನು ಮುಂದೆ ಯಾವುದಾದರೂ ಕೌಂಟರಿನವನು ನಿಮಗೆ "ಕಮಿಷನ್ ಇಲ್ಲ ಸರ್" ಅಂದ್ರೆ, ಜಗಳ ಬೇಡ, ನಗುನಗುತ್ತಲೇ ಒಂದು ಪ್ರಶ್ನೆ ಕೇಳಿ: "ಹಾಗಿದ್ರೆ ನಿನ್ನ ಸಂಬಳ ಎಲ್ಲಿಂದ ಬರುತ್ತಪ್ಪಾ?" ಉತ್ತರ ಸಿಗೋದಿಲ್ಲ. ಆದ್ರೆ ಹಿಂದೆ ಕ್ಯೂನಲ್ಲಿ ನಿಂತ ಹತ್ತು ಜನರ ಕಿವಿಗೆ ಆ ಪ್ರಶ್ನೆ ಬಿದ್ದಿರುತ್ತೆ. ಅಷ್ಟಾದ್ರೂ ಆಗಲಿ. ಏನಂತೀರಾ?